ಅರ್ಧ ಕಟ್ಟಿದ ವಿಮಾನ ಕೊಳ್ಳುವವರೇ, ಮೊದಲು ಟ್ಯಾಂಕಿನ ಒಳಗೆ ನೋಡಿ

ಬೇರೆಯವರು ಅರ್ಧಕ್ಕೆ ನಿಲ್ಲಿಸಿದ ಕಿಟ್ ವಿಮಾನ (ಬಿಡಿಭಾಗ ತರಿಸಿ ನಾವೇ ಜೋಡಿಸುವ ವಿಮಾನ) ಕೊಳ್ಳುವ ಯೋಚನೆ ಇದ್ದರೆ, ದುಡ್ಡು ಕೊಡುವ ಮೊದಲು ಇದನ್ನು ಓದಿ. ರೆಕ್ಕೆ ತಿರುಚಿಕೊಂಡಿದೆಯಾ, ತಗಡು ಜೋಡಿಸುವ ರಿವೆಟ್ ಚೆನ್ನಾಗಿ ಕೂತಿದೆಯಾ, ರೆಕ್ಕೆಯೊಳಗಿನ ಮುಖ್ಯ ತೊಲೆಯಾದ ಸ್ಪಾರ್‌ಗೆ ಏನಾದರೂ ಪೆಟ್ಟಾಗಿದೆಯಾ ಅಂತ ಎಲ್ಲರೂ ನೋಡುತ್ತಾರೆ. ಪೆಟ್ರೋಲ್ ಟ್ಯಾಂಕಿನ ಒಳಗೆ ಇಣುಕುವವರು ಕಡಿಮೆ. ನನ್ನ ಇಂಜಿನ್ ಫುಲ್ ಪವರ್‌ನಲ್ಲಿ ನಿಂತುಹೋಗಿದ್ದು ಅಲ್ಲಿದ್ದ ವಸ್ತುವಿನಿಂದ. ಅದು ನೆಲದ ಮೇಲೆ ಆಯಿತು ಅನ್ನೋದೇ ಪುಣ್ಯ.

ನಾನು ಕೊಂಡದ್ದು ಅಲ್ಯೂಮಿನಿಯಂ ತಗಡಿನ, ಎರಡು ಸೀಟಿನ ವಿಮಾನ. ರೆಕ್ಕೆ, ಬಾಲದ ಕೆಲಸ ಮುಗಿದಿತ್ತು. ರೆಕ್ಕೆಯ ಮುಂಭಾಗವೇ ಟ್ಯಾಂಕ್. ತಗಡಿನ ಪ್ರತಿ ಜೋಡಣೆಗೂ, ಪ್ರತಿ ರಿವೆಟ್‌ಗೂ ಸೀಲೆಂಟ್ (ಸೋರದಂತೆ ತಡೆಯುವ ಅಂಟು) ಹಚ್ಚಿ ಕಟ್ಟಬೇಕಾದ ಟ್ಯಾಂಕ್ ಅದು. "ಲೀಕ್ ಟೆಸ್ಟ್ ಆಗಿದೆ ಸರ್, ಒಂದು ಹನಿ ಸೋರಲ್ಲ" ಅಂದರು ಮಾರಿದವರು. ಅದು ಸುಳ್ಳೇನಲ್ಲ. ನಾನು ಗಾಳಿ ತುಂಬಿಸಿ, ಸೋಪಿನ ನೀರು ಹಚ್ಚಿ ನೋಡಿದಾಗಲೂ ಎಲ್ಲೂ ಗುಳ್ಳೆ ಬರಲಿಲ್ಲ. ಆದರೆ ಸೋರದ ಹಾಗೆ ತಡೆದಿರುವುದು ಏನು ಅನ್ನೋದನ್ನು ಲೀಕ್ ಟೆಸ್ಟ್ ಹೇಳುವುದಿಲ್ಲ.

ಇಂಜಿನ್ ಕೂರಿಸಿದ ಮೇಲೆ ಫ್ಲೋ ಟೆಸ್ಟ್ (ಸಾಕಷ್ಟು ಪೆಟ್ರೋಲ್ ಹರಿದು ಬರುತ್ತದೆಯಾ ಅಂತ ಅಳೆಯುವುದು) ಕೂಡ ಮಾಡಿದ್ದೆ. ಅದೂ ಪಾಸಾಯಿತು. ಆಮೇಲೆ ಟ್ಯಾಂಕಿಗೆ ಎಥೆನಾಲ್ ಬೆರೆಸಿದ ಪೆಟ್ರೋಲ್ ಹಾಕಿದೆ. ಆ ಇಂಜಿನ್‌ಗೆ 10 ಪರ್ಸೆಂಟ್ ತನಕ ಎಥೆನಾಲ್ ನಡೆಯುತ್ತದೆ ಅಂತ ತಯಾರಕರ ಕೈಪಿಡಿಯಲ್ಲೇ ಇದೆ. ಬೇರೆ ಕೆಲಸ ನಡೆಯುತ್ತಾ ಪೆಟ್ರೋಲ್ ಕೆಲವು ವಾರ ಹಾಗೇ ಟ್ಯಾಂಕಿನಲ್ಲಿತ್ತು. ಒಂದು ದಿನ ವಿಮಾನವನ್ನು ಹಗ್ಗ ಹಾಕಿ ಬಿಗಿಯಾಗಿ ಕಟ್ಟಿ ಫುಲ್ ಥ್ರಾಟಲ್ ಕೊಟ್ಟೆ. ಸ್ವಲ್ಪ ಹೊತ್ತು ಚೆನ್ನಾಗಿ ಓಡಿತು. ಆಮೇಲೆ ಪೆಟ್ರೋಲ್ ಪ್ರೆಶರ್ ಮುಳ್ಳು ಮೆಲ್ಲಗೆ ಇಳಿಯತೊಡಗಿತು. ಇಂಜಿನ್ ಎರಡು ಸಲ ಕೆಮ್ಮಿ ನಿಂತಿತು. ಮತ್ತೆ ಕೀ ತಿರುಗಿಸಿದರೆ ಏನೂ ಆಗದ ಹಾಗೆ ಸ್ಟಾರ್ಟ್!

ಇದು ಕೈಗೆ ಸಿಗುವ ಜಾತಿಯ ತೊಂದರೆ ಅಲ್ಲ. ಐಡಲ್‌ನಲ್ಲಿ ಎಷ್ಟು ಹೊತ್ತು ಬೇಕಾದರೂ ಓಡುತ್ತಿತ್ತು. ಫುಲ್ ಪವರ್ ಕೊಟ್ಟರೆ ಮಾತ್ರ ಸಾಯುತ್ತಿತ್ತು. ಫಿಲ್ಟರ್ ಬಿಚ್ಚಿದರೆ ಕ್ಲೀನ್. ಕೆಳಗಿನ ಡ್ರೈನ್‌ನಲ್ಲೂ ನೀರಿಲ್ಲ, ಕಸವಿಲ್ಲ. ಬಿಸಿಗೆ ಪೈಪಿನಲ್ಲಿ ಆವಿ ಕಟ್ಟಿಕೊಂಡಿರಬೇಕು ಅಂತ ಒಬ್ಬರು, ಪಂಪ್ ಹೋಗಿದೆ ಅಂತ ಇನ್ನೊಬ್ಬರು. ಪೈಪಿಗೆ ಬಿಸಿ ತಾಗದ ಹಾಗೆ ಹೊದಿಕೆ ಸುತ್ತಿದ್ದಾಯಿತು, ಹೊಸ ಪಂಪ್ ಹಾಕಿದ್ದಾಯಿತು. ಅದೇ ಕಥೆ.

ಕೊನೆಗೆ ಟ್ಯಾಂಕಿನ ಬಾಯಲ್ಲೇ ಪೈಪ್ ಬಿಚ್ಚಿ ಕ್ಯಾನ್‌ಗೆ ಪೆಟ್ರೋಲ್ ಬಿಟ್ಟೆ. ಮೊದಲು ದಪ್ಪ ಧಾರೆ. ನೋಡನೋಡುತ್ತಲೇ ಅದು ಸಣ್ಣಗಾಗಿ ನೂಲಿನಷ್ಟಾಯಿತು. ಬೆರಳಿನಿಂದ ಬಾಯಿ ಮುಚ್ಚಿ, ಸ್ವಲ್ಪ ಬಿಟ್ಟು ತೆಗೆದರೆ ಮತ್ತೆ ದಪ್ಪ ಧಾರೆ. ಟ್ಯಾಂಕ್ ಖಾಲಿ ಮಾಡಿ, ಒಳಗೆ ಪೈಪಿನ ಬಾಯಿಗಿದ್ದ ಬೆರಳುದ್ದದ ಜಾಲರಿಯನ್ನು ಹೊರತೆಗೆದೆ. ಹಾವು ಬಿಟ್ಟ ಪೊರೆಯ ಹಾಗೆ, ಬಿಳಿಚಿಕೊಂಡ ತೆಳ್ಳನೆಯ ಹಾಳೆಯೊಂದು ಅದಕ್ಕೆ ಸುತ್ತಿಕೊಂಡಿತ್ತು. ತೂತಿನಿಂದ ಕ್ಯಾಮೆರಾ ಇಳಿಸಿ ನೋಡಿದರೆ ಗೋಡೆಯ ತುಂಬಾ ಅದೇ ಹಾಳೆ, ಅರ್ಧ ಕಿತ್ತು ಜೋತಾಡುತ್ತಿತ್ತು.

ಅದರ ಹೆಸರು ಸ್ಲಾಶಿಂಗ್ ಕಾಂಪೌಂಡ್. ಕಟ್ಟಿ ಮುಗಿದ ಟ್ಯಾಂಕ್ ಅಲ್ಲಲ್ಲಿ ಜಿನುಗಿದರೆ, ರಿವೆಟ್ ತೆಗೆದು ಮತ್ತೆ ಸೀಲ್ ಮಾಡುವುದು ದೊಡ್ಡ ಕೆಲಸ. ಅದರ ಬದಲು ಈ ದ್ರವವನ್ನು ಒಳಗೆ ಸುರಿದು, ಟ್ಯಾಂಕನ್ನು ಎಲ್ಲ ಕಡೆಗೂ ಹೊರಳಿಸಿ, ಉಳಿದದ್ದನ್ನು ಚೆಲ್ಲುತ್ತಾರೆ. ಒಣಗಿದ ಮೇಲೆ ಒಳಗೆಲ್ಲ ಒಂದು ಪದರ. ಲೀಕ್ ಮಾಯ. ಇಂಥ ಹಳೆಯ ಲೇಪಗಳಲ್ಲಿ ಕೆಲವು ಎಥೆನಾಲ್ ತಡೆಯುವುದಿಲ್ಲ. ತಗಡನ್ನು ಸರಿಯಾಗಿ ತೊಳೆಯದೆ ಸುರಿದಿದ್ದರೆ ಎಥೆನಾಲ್ ಇಲ್ಲದೆಯೂ ಪದರ ಕಿತ್ತು ಏಳಬಹುದು. ಎದ್ದ ಹಾಳೆ ಹರಿವು ಜೋರಾದಾಗ ಜಾಲರಿಗೆ ಹೋಗಿ ಅಂಟಿಕೊಳ್ಳುತ್ತದೆ, ಹರಿವು ನಿಂತರೆ ಬಿಟ್ಟುಕೊಳ್ಳುತ್ತದೆ. ಇಂಜಿನ್ ಜಾಸ್ತಿ ಪೆಟ್ರೋಲ್ ಕೇಳುವುದು ಟೇಕಾಫ್‌ನಲ್ಲಿ, ಮೇಲೇರುವಾಗ. ಅಂದರೆ ಕೆಳಗೆ ರನ್‌ವೇ ಮುಗಿದುಹೋಗಿರುವ ಹೊತ್ತಿನಲ್ಲಿ. ನನಗೆ ಇಂದಿಗೂ ಸಿಟ್ಟು ತರಿಸುವುದು ಇದೇ.

ಮಾರಿದವರಿಗೆ ಫೋನ್ ಮಾಡಿದೆ. "ಅದನ್ನ ಎಲ್ಲರೂ ಹಾಕ್ತಾರೆ ಸರ್" ಅಂದರು. ಹಾಕಿರಲಿ, ಹಾಕಿದ್ದೇನೆ ಅಂತ ಹೇಳಬೇಕಿತ್ತು ಅಲ್ವಾ? ಕಟ್ಟಿದ ದಾಖಲೆ ಪುಸ್ತಕದಲ್ಲಿ ಒಂದು ಸಾಲೂ ಇಲ್ಲ.

ರಿಪೇರಿಗೆ ಸುಲಭದ ದಾರಿ ಇರಲಿಲ್ಲ. ರೆಕ್ಕೆಯಿಂದ ಟ್ಯಾಂಕ್ ಇಳಿಸಿ, ಹಿಂಬದಿ ಗೋಡೆಯಲ್ಲಿ ಕೈ ಹೋಗುವಷ್ಟು ತೂತು ಕೊರೆದು, ಎಂಇಕೆ (ಮೀಥೈಲ್ ಈಥೈಲ್ ಕೀಟೋನ್) ದ್ರಾವಕದಲ್ಲಿ ನೆನೆಸಿ, ಹಾಳೆಯನ್ನೆಲ್ಲ ಕೆರೆದು ತೆಗೆದೆ. ಆಮೇಲೆ ಪಾಲಿಸಲ್ಫೈಡ್ ಸೀಲೆಂಟ್ ಹಚ್ಚಿ ತೂತುಗಳಿಗೆ ಮುಚ್ಚಳ ಹಾಕಿದೆ. ಆ ಸೀಲೆಂಟನ್ನು ಸಾಮಾನ್ಯವಾಗಿ 10 ಪಾಲಿಗೆ 1 ಪಾಲು ಗಟ್ಟಿಯಾಗಿಸುವ ದ್ರವ್ಯ ಸೇರಿಸಿ, ತೂಕ ಮಾಡಿಯೇ ಕಲಸಬೇಕು, ಕಣ್ಣಂದಾಜು ನಡೆಯಲ್ಲ. ಎಂಇಕೆ ಆವಿ ಕೆಟ್ಟದ್ದು, ಬೇಗ ಹೊತ್ತಿಕೊಳ್ಳುತ್ತದೆ ಕೂಡ. ಸರಿಯಾದ ಮಾಸ್ಕ್, ಗ್ಲೌಸ್, ಗಾಳಿಯಾಡುವ ಜಾಗ ಇಲ್ಲದೆ ಮುಟ್ಟಬೇಡಿ. ಖಾಲಿ ಟ್ಯಾಂಕ್ ಅಂತ ಧೈರ್ಯ ಬೇಡ, ಅದರೊಳಗಿನ ಪೆಟ್ರೋಲ್ ಆವಿಗೆ ಒಂದು ಕಿಡಿ ಸಾಕು. ತೂತು ಕೊರೆಯುವ ಮೊದಲು ಆವಿ ಪೂರ್ತಿ ಹೋಗಿರಬೇಕು.

ಲೀಕ್ ಟೆಸ್ಟ್‌ಗೆ ಕಂಪ್ರೆಸರ್‌ನಿಂದ ಸೀದಾ ಗಾಳಿ ಬಿಡುವವರನ್ನೂ ಕಂಡಿದ್ದೇನೆ. ದಯವಿಟ್ಟು ಬೇಡ. 1 ಪಿಎಸ್‌ಐ ಸಾಕು, ಅಂದರೆ ಸುಮಾರು 70 ಸೆಂಟಿಮೀಟರ್ ಎತ್ತರದ ನೀರು ಹೇರುವ ಒತ್ತಡ. 60 ಸೆಂಟಿಮೀಟರ್ ಅಗಲ, 120 ಸೆಂಟಿಮೀಟರ್ ಉದ್ದದ ತಗಡಿನ ಮೇಲೆ ಅಷ್ಟೇ ಒತ್ತಡ ಅರ್ಧ ಟನ್ ಭಾರ ಹೇರುತ್ತದೆ.

ಫ್ಲೋ ಟೆಸ್ಟ್ ಒಮ್ಮೆ ಪಾಸಾಯಿತು ಅಂತ ಬಿಡಬೇಡಿ. ನೀವು ಹಾರಿಸುವ ಪೆಟ್ರೋಲನ್ನೇ ಕೆಲವು ವಾರ ಟ್ಯಾಂಕಿನಲ್ಲಿ ಇಟ್ಟು, ವಿಮಾನದ ಮೂಗನ್ನು ಮೇಲೇರುವಾಗ ಇರುವಷ್ಟು ಎತ್ತಿ ಮತ್ತೆ ಅಳೆಯಿರಿ. ಟೇಕಾಫ್‌ನಲ್ಲಿ ಇಂಜಿನ್‌ಗೆ ಗಂಟೆಗೆ 30 ಲೀಟರ್ ಬೇಕಿದ್ದರೆ, ಪಂಪ್ ಇಲ್ಲದೆ ಪೆಟ್ರೋಲ್ ತಾನಾಗಿ ಇಳಿಯುವ ವ್ಯವಸ್ಥೆಯಲ್ಲಿ ಅದರ ಒಂದೂವರೆಪಟ್ಟು, ಅಂದರೆ 10 ನಿಮಿಷಕ್ಕೆ 7.5 ಲೀಟರ್ ಬರಬೇಕು. ಪಂಪ್ ಇದ್ದರೆ ಒಂದೂಕಾಲು ಪಟ್ಟು, ಸುಮಾರು 6.3 ಲೀಟರ್. ಒಂದು ನಿಮಿಷ ನೋಡಿ ಗುಣಿಸಬೇಡಿ, ಪೂರ್ತಿ ಹೊತ್ತು ಹರಿಯಲು ಬಿಡಿ. ನನ್ನ ಟ್ಯಾಂಕ್ ಮೊದಲ ನಿಮಿಷದಲ್ಲಿ ಎಲ್ಲರನ್ನೂ ನಂಬಿಸುತ್ತಿತ್ತು.

ಕೊಳ್ಳುವಾಗ ಟ್ಯಾಂಕ್ ಮುಚ್ಚುವ ಮುಂಚಿನ ಫೋಟೋ ಕೇಳಿ. ಸ್ಲಾಶ್ ಹಾಕಿದ್ದೀರಾ ಅಂತ ನೇರವಾಗಿ ಕೇಳಿ, ಉತ್ತರ ಬರಹದಲ್ಲಿ ಇರಲಿ. ಮುಚ್ಚಳದ ತೂತಿನಿಂದ ಕ್ಯಾಮೆರಾ ಇಳಿಸಿ ನೋಡಿ. ಬೂದು ಅಥವಾ ಕಪ್ಪು ಸೀಲೆಂಟ್ ಜೋಡಣೆಗಳ ಉದ್ದಕ್ಕೆ ಮಾತ್ರ ಇದ್ದು, ಉಳಿದ ಕಡೆ ಬರೀ ಲೋಹ ಕಾಣಬೇಕು. ಎಲ್ಲೆಡೆ ಒಂದೇ ಬಣ್ಣದ ಪದರ ಕಂಡರೆ, ಅಥವಾ ಕ್ಯಾಮೆರಾ ಇಳಿಸಲು ಅವರು ಒಪ್ಪದಿದ್ದರೆ, ಎರಡು ಹೊಸ ಟ್ಯಾಂಕಿನ ಖರ್ಚು ಕಳೆದು ಬೆಲೆ ಮಾತಾಡಿ.