ಕ್ರಿಕೆಟ್ 24 ಅಥವಾ ಡಬ್ಲ್ಯುಸಿಸಿ 3: ಹೊಸಬರು ಯಾವುದನ್ನು ಆರಿಸಬೇಕು?

ಕ್ರಿಕೆಟ್ 24 ಮತ್ತು ಡಬ್ಲ್ಯುಸಿಸಿ 3 (ವರ್ಲ್ಡ್ ಕ್ರಿಕೆಟ್ ಚಾಂಪಿಯನ್‌ಶಿಪ್ 3) ಎರಡೂ ಕ್ರಿಕೆಟ್ ವಿಡಿಯೊ ಗೇಮ್‌ಗಳೇ, ಆದರೆ ಕಲಿಕೆಯ ದೃಷ್ಟಿಯಿಂದ ಇವೆರಡಕ್ಕೂ ಬಹಳ ಅಂತರವಿದೆ. ಮೆಲ್ಬರ್ನ್‌ನ ಬಿಗ್ ಆ್ಯಂಟ್ ಸಂಸ್ಥೆ 2023ರಲ್ಲಿ ಹೊರತಂದ ಕ್ರಿಕೆಟ್ 24ರಲ್ಲಿ ಪಾದದ ಚಲನೆ, ಹೊಡೆತದ ಆಯ್ಕೆ ಮತ್ತು ಸಮಯ ಮೂರೂ ಕೂಡಿಬರಬೇಕಾದ್ದರಿಂದ, ಶಾರ್ಟ್ ಬಾಲ್‌ಗೆ ಮುಂಗಾಲಿಟ್ಟು ಡ್ರೈವ್‌ಗೆ ಹೋದವರು ಆರಂಭದಲ್ಲಿ ಪದೇ ಪದೇ ಔಟಾಗುತ್ತಾರೆ. ಆದರೆ ಹೊಡೆತ ಬೇಗನಾಯಿತೇ ತಡವಾಯಿತೇ ಎಂಬುದನ್ನು ಆಟವೇ ತೆರೆಯ ಮೇಲೆ ತೋರಿಸುವುದರಿಂದ, ನೆಟ್ಸ್‌ನಲ್ಲಿ ತಾಳ್ಮೆಯಿಂದ ಅಭ್ಯಾಸ ಮಾಡಿದರೆ ಕೈ ಪಳಗುತ್ತದೆ. ನನ್ನ ಮಟ್ಟಿಗೆ ಈ ಆಟದ ನಿಜವಾದ ಸೊಗಸು ಅದೇ.

ಚೆನ್ನೈನ ನೆಕ್ಸ್ಟ್‌ವೇವ್ ರೂಪಿಸಿದ ಡಬ್ಲ್ಯುಸಿಸಿ 3 ಮೊಬೈಲಿನಲ್ಲಿ ಉಚಿತವಾಗಿ ಸಿಗುತ್ತದೆ, ಬೆರಳಾಟ ಬೇಗ ರೂಢಿಯಾಗುತ್ತದೆ. ಜಾಹೀರಾತು ಮತ್ತು ಆಟದೊಳಗಿನ ಖರೀದಿಗಳನ್ನು ಮಾತ್ರ ಸಹಿಸಿಕೊಳ್ಳಬೇಕು. ಕ್ರಿಕೆಟ್ 24ಕ್ಕಾದರೋ ಆಟದ ಬೆಲೆಯಲ್ಲದೆ ಕನ್ಸೋಲ್ ಅಥವಾ ಒಳ್ಳೆಯ ಕಂಪ್ಯೂಟರ್ ಕೂಡ ಬೇಕು.

ಬಸ್ಸಿನಲ್ಲಿ ಕುಳಿತು ಎರಡು ಓವರ್ ಆಡುವವರಿಗೆ ಮೊಬೈಲ್ ಆಟ ಸಾಕು. ಟೆಸ್ಟ್ ಇನಿಂಗ್ಸ್ ಕಟ್ಟುವ ಆಸೆಯೂ ಸಂಜೆಯ ಬಿಡುವೂ ಇರುವವರಿಗೆ ಕ್ರಿಕೆಟ್ 24 ಒಪ್ಪುತ್ತದೆ.