ನವನಗರದ ಹೊರಗೆ ಬಾಡಿಗೆಯ ಅರ್ಧ ಗುಂಟೆ: ಜೂನ್‌ನಿಂದ ಏಪ್ರಿಲ್‌ವರೆಗೆ ಬಳಸಿದ ಮೇಲೆ

ಐದಕ್ಕೆ ಮೂರು ಅಂಕ. ಆದರೆ ಇದು ಸರಾಸರಿ, ಇದನ್ನೇ ನಂಬಿ ಹೋಗಬೇಡಿ. ಹಿಂಗಾರಿಗೆ ಐದಕ್ಕೆ ಐದು, ಮುಂಗಾರಿಗೆ ಮೂರು, ಬೇಸಿಗೆಗೆ ಒಂದು. ತರಕಾರಿ ಬೆಳೆಯಲು ಬಾಡಿಗೆ ಜಾಗ ಹುಡುಕುತ್ತಿರುವ ಬಾಗಲಕೋಟೆಯವರಿಗೆ ನನ್ನ ಮಾತು ಇಷ್ಟೇ: ವರ್ಷದ ಕರಾರಿಗೆ ಸಹಿ ಹಾಕಬೇಡಿ. ಗಣಪತಿ ಕಳಿಸಿ ತಗೊಳ್ಳಿ, ಹೋಳಿ ಹುಣ್ಣಿಮೆಗೆ ಬಿಡಿ.

ನಾನು ತಗೊಂಡದ್ದು ನವನಗರದಿಂದ ಸ್ವಲ್ಪ ಹೊರಗಿನ ಒಂದು ಎರೆ (ಕಪ್ಪು ಮಣ್ಣಿನ) ಹೊಲದಲ್ಲಿ. ಹೊಲವನ್ನು ತುಂಡು ತುಂಡು ಮಾಡಿ, ಸುತ್ತ ತಂತಿ ಹಾಕಿ, ನೌಕರದಾರರಿಗೆ ಬಾಡಿಗೆಗೆ ಕೊಡುತ್ತಾರೆ. ಅರ್ಧ ಗುಂಟೆಗೆ ತಿಂಗಳಿಗೆ 900 ರೂಪಾಯಿ, ಮೇಲೆ ಎರಡು ತಿಂಗಳ ಮುಂಗಡ. ಆ ದುಡ್ಡಿಗೆ ನೀರು, ಡ್ರಿಪ್ ಪೈಪು, ಒಮ್ಮೆ ರೋಟವೇಟರ್ ಹೊಡೆಸಿದ ನೆಲ, ಒಂದಿಷ್ಟು ತಿಪ್ಪಿ ಗೊಬ್ಬರ, ಒಂದು ಖುರ್ಪಿ ಮತ್ತು ಬೀಜದ ಪೊಟ್ಟಣಗಳು ಬರುತ್ತವೆ. ಗುಂಟೆ ಅಂದರೆ 33 ಅಡಿಗೆ 33 ಅಡಿ, 1,089 ಚದರಡಿ. ಅರ್ಧಕ್ಕೆ 544 ಚದರಡಿ ಬರಬೇಕು. ನಡುವೆ ಓಡಾಡುವ ದಾರಿಯನ್ನೂ ಅದರಲ್ಲೇ ಹಿಡಿದಿರುತ್ತಾರೆ, ಟೇಪು ತಗೊಂಡೇ ಹೋಗಿ. ಹಾಗಿದ್ದರೂ ನಾಲ್ಕು ಮಂದಿಯ ಮನೆಗೆ ಈ ಜಾಗ ಸಾಕೋ ಸಾಕು.

ಬೀಜದ ಪೊಟ್ಟಣಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಲೆಟಿಸ್, ಬ್ರೊಕೊಲಿ, ಚೆರ್ರಿ ಟೊಮ್ಯಾಟೊ. ಜೂನ್ ತಿಂಗಳಲ್ಲಿ, ಬಾಗಲಕೋಟೆಯಲ್ಲಿ! ಚವಳಿ, ಬೆಂಡಿ, ಹೀರಿ, ಪುಂಡಿ ಬೀಜ ಪ್ಯಾಟಿಯಲ್ಲೇ ಸಿಗುತ್ತವೆ.

ಬಾಡಿಗೆಯ ನಿಜವಾದ ಬೆಲೆ ಇರುವುದು ಕಾವಲಿಗೆ ಇರುವ ಕಾಕಾನಲ್ಲಿ. ಜಾಹೀರಾತಿನಲ್ಲಿ ಅವರ ಸುದ್ದಿಯೇ ಇಲ್ಲ, ‘ಮಾರ್ಗದರ್ಶನಕ್ಕೆ ಮೊಬೈಲ್ ಆ್ಯಪ್’ ಅಂತ ಇದೆ. ಆ್ಯಪಿನಲ್ಲಿ ಕೆಂಪು ಮಣ್ಣಿನ ಸಲಹೆಗಳೇ ತುಂಬಿವೆ. ಮೊದಲ ಮಳೆ ಬಿದ್ದ ಮರುದಿನವೇ ಪಕ್ಕದ ತುಂಡಿನ ಹುಡುಗರು ಉಮೇದಿನಿಂದ ಸಲಿಕೆ ಹಿಡಿದು ಬಂದಾಗ ಕಾಕಾ ಬದುವಿನ ಮೇಲೆ ನಿಂತು ಕೂಗಿದರು: “ತಮ್ಮಾ, ಎರಿ ಹಸಿ ಇದ್ದಾಗ ಕೈ ಹಚ್ಚಬ್ಯಾಡ್ರೊ, ಹೆಂಟಿ ಆಕ್ಕಾವ. ಹದಾ ಬರ್ಲಿ.” ಅವರು ಕೇಳಲಿಲ್ಲ. ಆ ಹೆಂಟೆಗಳು ದೀಪಾವಳಿವರೆಗೂ ಒಡೆಯಲಿಲ್ಲ.

ಎರೆ ಮಣ್ಣಿನ ಸ್ವಭಾವವೇ ಹಾಗೆ. ಅದರ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಹಸಿಯಿದ್ದಾಗ ತುಳಿದರೆ ಒಳಗಿನ ಗಾಳಿಯೆಲ್ಲ ಹೋಗಿ ಬೇರಿಗೆ ಉಸಿರು ಕಟ್ಟುತ್ತದೆ. ಕಾಕಾ ಹೇಳಿದಂತೆ ಒಂದು ಗೇಣು ಎತ್ತರದ ಏರುಮಡಿ ಕಟ್ಟಿ, ಕಾಲಿಡುವ ಸಾಲನ್ನು ಬೇರೆಯೇ ಇಟ್ಟೆ. ಕಳೆಗಳಾದ ಜೇಕಿನ ಗಡ್ಡೆಯನ್ನೂ ಕರಕಿಯ ಬೇರನ್ನೂ ಆರಿಸುವುದಕ್ಕೇ ಶುರುವಿನ ಭಾನುವಾರಗಳು ಹೋದವು. ರೋಟವೇಟರ್ ಅವನ್ನು ಕೊಲ್ಲುವುದಿಲ್ಲ, ತುಂಡು ಮಾಡಿ ಹೊಲದ ತುಂಬ ಹಂಚುತ್ತದೆ. ಬಾಡಿಗೆಗೆ ಕೊಡುವ ಸೇವೆಯವರು ಹೇಳದ ಮಾತು ಇದು.

ಮುಂಗಾರಿಗೆ ಮೂರೇ ಅಂಕ ಕೊಡಲು ಮಳೆಯೇ ಕಾರಣ. ನಮ್ಮ ಜಿಲ್ಲೆಗೆ ವರ್ಷಕ್ಕೆ 600 ಮಿ.ಮೀ. ಒಳಗೇ ಮಳೆ, ಅದರಲ್ಲೂ ಜೋರಾಗಿ ಬರುವುದು ಸೆಪ್ಟೆಂಬರ್‌ನಲ್ಲಿ. ಮೃಗಶಿರ ಮಳೆ ಒಮ್ಮೆ ಮುಖ ತೋರಿಸಿ ಹೋದರೆ ಜುಲೈ ತುಂಬ ಬರೀ ಗಾಳಿ. ಹೀಗಾಗಿ ಎಲ್ಲ ಡ್ರಿಪ್ ಮೇಲೆ. ಚವಳಿಕಾಯಿ, ಪುಂಡಿಪಲ್ಲೆ ಯಾವ ತಕರಾರೂ ಇಲ್ಲದೆ ಬಂದವು. ಬೆಂಡಿಗೆ ಮಾತ್ರ ಬಿಳಿ ನೊಣ ಹತ್ತಿ, ಎಲೆಯ ನರ ಹಳದಿಯಾಗುವ ನಂಜುರೋಗ ಬಂತು. ಅದು ಬಂದ ಗಿಡಕ್ಕೆ ಮದ್ದಿಲ್ಲ, ಕಿತ್ತು ಹಾಕಬೇಕು. ಪಕ್ಕದ ಸಾಲಿನವರು ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕ ತಳಿ ಹಾಕಿದ್ದರು, ಅವರದು ಬಹಳ ಮಟ್ಟಿಗೆ ಉಳಿಯಿತು.

ನೀರಿನ ವಿಷಯಕ್ಕೆ ಜಗಳವೇ ಆಯಿತು. ಪಂಪ್‌ಸೆಟ್‌ಗೆ ತ್ರೀಫೇಸ್ ಕರೆಂಟು 7 ತಾಸು, ಅದೂ ಪಾಳಿಯ ಮೇಲೆ. ಕರೆಂಟು ಬಂದಾಗ ಎಲ್ಲ ತುಂಡುಗಳಿಗೂ ಒಟ್ಟಿಗೇ ನೀರು ಬಿಡುವುದು ಅವರ ಪದ್ಧತಿ. ಕೆಂಪು ಮಣ್ಣಿಗೆ ಅದು ನಡೆದೀತು. ಎರೆಯಲ್ಲಿ ಹನಿ ಅಗಲಕ್ಕೆ ಹರಡುತ್ತದೆ, ಬಿದ್ದ ನೀರು ಬೇಗ ಇಳಿಯುವುದಿಲ್ಲ. ಮೇಲೆ ಒಣಗಿದಂತೆ ಕಂಡರೂ ಬೆರಳು ಊರಿದರೆ ಕೆಳಗೆ ಕೆಸರು. ನನ್ನ ಮೆಣಸಿನ ಅಗಿಗಳು (ಸಸಿಗಳು) ಹೀಗೆ ಬಾಡಿದ್ದನ್ನು ತೋರಿಸಿದರೆ, “ನೀರು ಕಡಿಮಿ ಆಗೇತ್ರಿ ಮೇಡಂ” ಅಂದ ಆಫೀಸಿನವನು! ತಿಂಗಳು ಕಳೆದ ಮೇಲೆ ನಮ್ಮ ತುಂಡಿಗೆ ಬೇರೆ ವಾಲ್ವ್ ಕೂಡಿಸಿಕೊಟ್ಟರು, ನನ್ನ ಖರ್ಚಿನಲ್ಲೇ. ಬೋರಿನ ನೀರು ಗಡಸು, ಹನಿಯ ತೂತಿನ ಬಾಯಿಗೆ ಬಿಳಿ ಸುಣ್ಣ ಕಟ್ಟುತ್ತದೆ. ಫಿಲ್ಟರ್ ತೊಳೆದು, ಪೈಪಿನ ಕೊನೆ ಬಿಚ್ಚಿ ನೀರು ಹಾಯಿಸುವ ಕೆಲಸ ನಮ್ಮ ಪಾಲಿಗೇ ಬರುತ್ತದೆ.

ಸೆಪ್ಟೆಂಬರ್‌ನ ಮಳೆ ಮುಗಿದು ಹದ ಬಂದಾಗ ಅದೇ ನೆಲ ಬೇರೆಯೇ ಆಯಿತು. ಜೋಳ, ಕಡಲೆಯವರು ಶತಮಾನಗಳಿಂದ ಇದನ್ನೇ ನಂಬಿದ್ದಾರಲ್ಲ: ಎರೆ ಒಳಗೆ ಹಿಡಿದಿಟ್ಟ ತೇವದ ಮೇಲೆ ಬೆಳೆ, ಮೇಲೆ ಚಳಿಯ ಇಬ್ಬನಿ. ಮೆಂತೆ, ಸಬ್ಬಸಗಿ, ಕೊತ್ತಂಬರಿ, ಪಾಲಕ್, ಮೂಲಂಗಿಗಳನ್ನು ಎರಡೆರಡು ವಾರ ಬಿಟ್ಟು ಚೂರು ಚೂರೇ ಬಿತ್ತಿದೆ. ಫೆಬ್ರುವರಿವರೆಗೆ ಸೊಪ್ಪಿಗೆ ಪ್ಯಾಟಿಗೆ ಹೋಗಲಿಲ್ಲ. ಕಿತ್ತ ತಾಸಿನೊಳಗೆ ತಿಂದ ಹಸಿ ಮೆಂತೆ, ಉಳ್ಳಾಗಡ್ಡಿ ತಪ್ಪಲು, ಶೇಂಗಾ ಹಿಂಡಿ, ಬಿಸಿ ರೊಟ್ಟಿ: ಇದರ ಲೆಕ್ಕ ರೂಪಾಯಿಯಲ್ಲಿ ಬರುವುದಿಲ್ಲ.

ಒಂದು ಮಡಿ ತುಂಬ ಕಡಲೆ ಹಾಕಿದ್ದೆ. ಒಂದು ತಿಂಗಳು ದಾಟಿದ ಮೇಲೆ ಕುಡಿ ಚಿವುಟಿದರೆ ಗಿಡ ಟಿಸಿಲೊಡೆದು ಹರಡುತ್ತದೆ, ಚಿವುಟಿದ ಕುಡಿ ಪಲ್ಲೆಗಾಗುತ್ತದೆ. ಅದರ ಮೇಲಿನ ಇಬ್ಬನಿಗೆ ಹುಳಿ ಇರುತ್ತದೆ, ಬೆಳಿಗ್ಗೆ ಬರಿಗಾಲಲ್ಲಿ ಸಾಲಿಗೆ ಇಳಿದರೆ ಕಾಲು ಚುರುಗುಡುತ್ತದೆ.

ಟೊಮ್ಯಾಟೊಗೆ ಅರ್ಕಾ ರಕ್ಷಕ್ ಅಗಿ ತಂದೆ. ಎಲೆ ಮುದುಡು ನಂಜು, ದುಂಡಾಣು ಸೊರಗು, ಅಂಗಮಾರಿ ಮೂರನ್ನೂ ತಡೆಯುವ ಹೈಬ್ರಿಡ್ ಅದು. ನಂಜು ಬರಲಿಲ್ಲ. ಬಂದದ್ದು ಬೇರೆ: ಎಳೆ ಎಲೆ ಹಳದಿ, ನರ ಮಾತ್ರ ಹಸಿರು. ನಮ್ಮ ಎರೆಯಲ್ಲಿ ಸುಣ್ಣದ ಹರಳು ಹೆಚ್ಚು. ಕಬ್ಬಿಣದ ಅಂಶ ಮಣ್ಣಿನಲ್ಲಿದ್ದರೂ ಬೇರಿಗೆ ದಕ್ಕುವುದಿಲ್ಲ, ನೀರು ನಿಂತರೆ ಇನ್ನೂ ಕಷ್ಟ. ಗೊಬ್ಬರ ಸುರಿದರೆ ಇದು ಹೋಗುವುದಿಲ್ಲ, ಎಲೆಗೇ ಕೊಡಬೇಕು. ಹೆಸರಘಟ್ಟದವರದೇ ಅರ್ಕಾ ವೆಜಿಟೇಬಲ್ ಸ್ಪೆಷಲ್ ಪುಡಿಯನ್ನು ಲೀಟರಿಗೆ 5 ಗ್ರಾಂನಂತೆ ಕಲಸಿ, ಲಿಂಬೆರಸ ಹಿಂಡಿ, ಎಲೆಗೆ ಹತ್ತಲಿ ಎಂದು ಚೂರು ಶಾಂಪೂ ಹಾಕಿ ಸಿಂಪಡಿಸಿದೆ. ಹೊಸ ಎಲೆ ಹಸಿರಾಗಿಯೇ ಬಂದವು. ಕಾಯಿ ಕೊರೆಯುವ ಹುಳಕ್ಕೆ ಅಂಚಿಗೆ ಚೆಂಡು ಹೂವು. ಅದರ ಅಗಿ 45 ದಿನದ್ದು, ಟೊಮ್ಯಾಟೊ ಅಗಿ 25 ದಿನದ್ದು ಇರಬೇಕು, ಎರಡೂ ಒಟ್ಟಿಗೆ ಹೂ ಬಿಟ್ಟರಷ್ಟೇ ಪತಂಗ ಚೆಂಡು ಹೂವಿಗೆ ಹೋಗಿ ಮೊಟ್ಟೆ ಇಡುತ್ತದೆ. ನವನಗರದಲ್ಲೇ ತೋಟಗಾರಿಕೆ ವಿಶ್ವವಿದ್ಯಾಲಯ ಇರುವುದು (2008ರಲ್ಲಿ ಆದದ್ದು) ನಮ್ಮ ಪುಣ್ಯ. ತಳಿಯ ವಿಷಯ, ರೋಗದ ಎಲೆ ಏನಿದ್ದರೂ ಅಲ್ಲಿಯವರನ್ನು ಕೇಳಿ, ಆ್ಯಪನ್ನಲ್ಲ.

ಬದನಿಯ ಕುಡಿ ಬಾಗಿ ಜೋತು ಬಿದ್ದರೆ ಒಳಗೆ ಹುಳ ಇದೆ ಅಂತಲೇ ಅರ್ಥ. ವಾರಕ್ಕೊಮ್ಮೆ ಅಂಥವನ್ನು ಕತ್ತರಿಸಿ ಸುಟ್ಟರೆ ಅರ್ಧ ಕಾಯಿಯಾದರೂ ಉಳಿಯುತ್ತವೆ. ನಾವು ಔಷಧ ಹೊಡೆಯಲಿಲ್ಲ, ಬೇವಿನ ಬೀಜದ ಕಷಾಯವಷ್ಟೇ.

ಎಳ್ಳ ಅಮಾವಾಸ್ಯೆಗೆ ಬಾಡಿಗೆದಾರರೆಲ್ಲ ಬುತ್ತಿ ಕಟ್ಟಿಕೊಂಡು ಬಂದು ಚರಗ ಚೆಲ್ಲಿದೆವು, ಅಂದರೆ ಭೂಮಿತಾಯಿಗೆ ಅಡುಗೆಯ ಎಡೆ ಹೊಲದಲ್ಲಿ ಚೆಲ್ಲಿದೆವು. ಸ್ವಂತ ಹೊಲ ಇಲ್ಲದವರೇ ಹೆಚ್ಚು. ಸಜ್ಜಿ ರೊಟ್ಟಿ, ಬದನಿಕಾಯಿ ಪಲ್ಲೆ, ಪುಂಡಿಪಲ್ಲೆ, ಶೇಂಗಾ ಹೋಳಿಗೆ. ಬದನಿ ನಮ್ಮ ಸಾಲಿನವೇ. ಸೇವೆಯವರು ಇದಕ್ಕೆ ಪೆಂಡಾಲು ಹಾಕಿ ತಲೆಗೆ ನೂರು ರೂಪಾಯಿ ಕೇಳಿದ್ದು ಮಾತ್ರ ಸರಿ ಬರಲಿಲ್ಲ. ಗಿಡದ ನೆರಳು ಇತ್ತಲ್ಲ.

ಮಾರ್ಚ್ ನಡುವಿನಿಂದ ಹಣ ದಂಡ. ನೆಲ ಬಿರಿಯಿತು, ಬಿರುಕಿನೊಳಗೆ ಡ್ರಿಪ್ ನೀರು ಸೋರಿ ಹೋಯಿತು, ಬಿಸಿಲಿಗೆ ಟೊಮ್ಯಾಟೊ ಹೂ ಉದುರಿದವು. ಏಪ್ರಿಲ್‌ನಲ್ಲಿ ಬೋರು ಕೈಕೊಟ್ಟಾಗ ಪಾಳಿ ಹಚ್ಚಿದರು, ಬಾಡಿಗೆ ಮಾತ್ರ ಒಂದು ರೂಪಾಯಿಯೂ ಇಳಿಸಲಿಲ್ಲ.

ಕಾಯಿಪಲ್ಲೆಯ ದುಡ್ಡು ಉಳಿಸಲು ಇದನ್ನು ತಗೊಳ್ಳಬೇಡಿ, ಉಳಿಯುವುದಿಲ್ಲ. ಹಿಂಗಾರಿನ ತಿಂಗಳುಗಳಲ್ಲಿ ಬಾಡಿಗೆ ಮತ್ತು ಫಸಲು ಹೆಚ್ಚುಕಡಿಮೆ ಸರಿಸಮ, ಉಳಿದ ತಿಂಗಳುಗಳಲ್ಲಿ ಕೈಯಿಂದ ಹಾಕಬೇಕು. ವಾರಕ್ಕೆ ಎರಡು ಸಲವಾದರೂ ಹೋಗಲಾಗದವರಿಗೆ ಇದು ಬೇಡವೇ ಬೇಡ.

ಕರಾರಿನಲ್ಲಿ ಮೂರು ಮಾತು ಬರೆಸಿಕೊಳ್ಳಿ: ನಿಮ್ಮ ತುಂಡಿಗೆ ಬೇರೆ ವಾಲ್ವ್, ನೀರು ಬಾರದ ವಾರಗಳ ಬಾಡಿಗೆ ಕಡಿತ, ಬಿಡುವಾಗ ಮುಂಗಡ ಎಷ್ಟು ದಿನದಲ್ಲಿ ವಾಪಸ್. ನಾನು ಈ ಸಲ ಆರು ತಿಂಗಳ ಕರಾರು ಕೇಳಿದ್ದೇನೆ, ಹಾಗಾದರೆ ತಿಂಗಳಿಗೆ ನೂರು ಜಾಸ್ತಿ ಅಂದಿದ್ದಾರೆ. ಕಾಕಾ ಇರುವುದಾದರೆ ಕೊಡುತ್ತೇನೆ ಅಂದೆ.