ಬಳ್ಳಾರಿಗೆ ಬಂದ ಸಂಚಾರಿ ತಾರಾಲಯ: ವಿಶ್ವದ ಹುಟ್ಟಿನ ಪ್ರದರ್ಶನ ಹೇಗಿದೆ?

ಬಳ್ಳಾರಿಯ ಕಲ್ಯಾಣ ಮಂಟಪವೊಂದರಲ್ಲಿ ಖಾಸಗಿ ತಂಡವೊಂದು ಗಾಳಿ ತುಂಬಿ ನಿಲ್ಲಿಸಿದ ಗುಮ್ಮಟದೊಳಗೆ ತಾರಾಲಯ ಪ್ರದರ್ಶನ ನಡೆಸುತ್ತಿದೆ. 1380 ಕೋಟಿ ವರ್ಷಗಳಲ್ಲಿ ವಿಶ್ವ ಹುಟ್ಟಿ ಬೆಳೆದ ಬಗೆಯನ್ನು ಮುಕ್ಕಾಲು ಗಂಟೆಯಲ್ಲಿ ಹೇಳುವ ಈ ಪ್ರದರ್ಶನಕ್ಕೆ ಟಿಕೆಟ್ ದರ ತಲಾ 80 ರೂಪಾಯಿ.

ಆರಂಭವೇ ದುರ್ಬಲವಾಗಿದೆ. ಕತ್ತಲಲ್ಲಿ ಒಂದು ಚುಕ್ಕಿ ಸಿಡಿದು ಕಿಡಿಗಳು ಎಲ್ಲ ದಿಕ್ಕಿಗೂ ಹಾರುವ ಚಿತ್ರವನ್ನು ನೋಡಿದ ಮಗು, ಮೊದಲೇ ಇದ್ದ ಖಾಲಿ ಜಾಗದೊಳಗೆ ದ್ರವ್ಯ ಹರಡಿತೆಂದೇ ನಂಬುತ್ತದೆ. ವಾಸ್ತವದಲ್ಲಿ ಹಿಗ್ಗಿದ್ದು ಜಾಗವೇ. ಅದಕ್ಕೆ ನಡುವೆಂಬುದಿಲ್ಲ, ಅಂಚೂ ಕಾಣುವುದಿಲ್ಲ. ದೂರದ ಗೆಲಾಕ್ಸಿಗಳು, ಅಂದರೆ ನಕ್ಷತ್ರಗಳ ಬೃಹತ್ ಸಮೂಹಗಳು, ದೂರಕ್ಕೆ ತಕ್ಕಂತೆ ಹೆಚ್ಚು ವೇಗವಾಗಿ ಸರಿಯುತ್ತಿವೆಯೆಂದು ಖಗೋಳವಿಜ್ಞಾನಿ ಎಡ್ವಿನ್ ಹಬಲ್ 1929ರಲ್ಲಿ ತೋರಿಸಿದ್ದನ್ನು ನಿರೂಪಕರು ಸರಿಯಾಗಿಯೇ ಹೇಳುತ್ತಾರೆ, ಆದರೆ ಆ ಮಾತಿಗೂ ತಲೆಯ ಮೇಲಿನ ಚಿತ್ರಕ್ಕೂ ತಾಳೆಯಾಗುವುದಿಲ್ಲ.

ಮುಂದಿನ ಭಾಗಕ್ಕಾಗಿಯೇ ಈ ಪ್ರದರ್ಶನವನ್ನು ನೋಡಬೇಕು. ಮೊದಲ ಕೆಲವೇ ನಿಮಿಷಗಳಲ್ಲಿ ಜಲಜನಕ ಮತ್ತು ಹೀಲಿಯಂಗಳ ಬೀಜಕಣಗಳು (ಪರಮಾಣುವಿನ ನಡುವಿನ ನ್ಯೂಕ್ಲಿಯಸ್‌ಗಳು) ರೂಪುಗೊಂಡು, ದ್ರವ್ಯರಾಶಿಯ ಸುಮಾರು ಕಾಲುಭಾಗ ಹೀಲಿಯಂ ಆದದ್ದನ್ನು, ಬಿಡಿ ಎಲೆಕ್ಟ್ರಾನುಗಳ ದಟ್ಟಣೆಯಲ್ಲಿ ಬೆಳಕು ನೇರ ಸಾಗಲಾರದೆ ಚದುರುತ್ತಿದ್ದುದನ್ನು ಆತುರವಿಲ್ಲದೆ ವಿವರಿಸುತ್ತಾರೆ. ಸುಮಾರು 3 ಲಕ್ಷ 80 ಸಾವಿರ ವರ್ಷಗಳಾದಾಗ ತಾಪ ಸುಮಾರು 2700 ಡಿಗ್ರಿ ಸೆಲ್ಸಿಯಸ್‌ಗೆ, ಅಂದರೆ 3000 ಕೆಲ್ವಿನ್‌ಗೆ ಇಳಿದು, ಎಲೆಕ್ಟ್ರಾನುಗಳು ಪರಮಾಣುಗಳಲ್ಲಿ ಸೆರೆಯಾಗಿ, ಬೆಳಕು ಬಿಡುಗಡೆಯಾಗುವ ಕ್ಷಣದಲ್ಲಿ ಇಡೀ ಗುಮ್ಮಟ ಕೇಸರಿ ಬಣ್ಣಕ್ಕೆ ತಿರುಗಿ ಮೆಲ್ಲನೆ ಕಪ್ಪಾಗುತ್ತದೆ. ಅದೇ ಬೆಳಕು ಅಲೆಯುದ್ದದಲ್ಲಿ ಸುಮಾರು 1100 ಪಟ್ಟು ಹಿಗ್ಗಿ ರೇಡಿಯೊ ಅಲೆಯಾಗಿ, 2.7 ಕೆಲ್ವಿನ್‌ಗೆ ತಣಿದು, 1964ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಪೆನ್ಜಿಯಾಸ್ ಮತ್ತು ವಿಲ್ಸನ್ ಅವರ ಆಂಟೆನಾದಲ್ಲಿ ತೊಲಗದ ಗೊರಗೊರ ಸದ್ದಾಗಿ ಸಿಕ್ಕಿತೆಂಬ ಪ್ರಸಂಗವೂ ಚೆನ್ನಾಗಿ ಮೂಡಿದೆ. ಎಷ್ಟು ತಾಪದಲ್ಲಿ ಎಲೆಕ್ಟ್ರಾನು ಪರಮಾಣುವಿಗೆ ಅಂಟಿಕೊಳ್ಳುತ್ತದೆಂದು ಲೆಕ್ಕ ಹಾಕಲು ಇಂದಿಗೂ ಮೊದಲು ಕೈಗೆತ್ತಿಕೊಳ್ಳುವುದು ಭಾರತದ ಭೌತವಿಜ್ಞಾನಿ ಮೇಘನಾದ ಸಹಾ 1920ರಲ್ಲಿ ಕೊಟ್ಟ ಸಮೀಕರಣವನ್ನು. ಅವರ ಹೆಸರು ಒಮ್ಮೆಯೂ ಬರದಿರುವುದು ನನಗಂತೂ ಸರಿ ಕಾಣಲಿಲ್ಲ.

ವಿಶ್ವದಲ್ಲಿ ಸಾಮಾನ್ಯ ದ್ರವ್ಯ ಶೇಕಡಾ 5, ಕಣ್ಣಿಗೆ ಕಾಣದ ಕಪ್ಪು ದ್ರವ್ಯ 27, ಹಿಗ್ಗುವಿಕೆಯನ್ನು ಚುರುಕಾಗಿಸುವ ಕಪ್ಪು ಶಕ್ತಿ 68 ಎಂಬ ಅಂಕಿಗಳು ಮೂರು ಬಣ್ಣಗಳಲ್ಲಿ ಮಿಂಚಿ ಮಾಯವಾಗುತ್ತವೆ. ಕಾಣದ ದ್ರವ್ಯವಿದೆಯೆಂದು ಗೆಲಾಕ್ಸಿಗಳ ಸುತ್ತಾಟದಿಂದ ತಿಳಿಯಿತೆಂಬ ಒಂದು ವಾಕ್ಯಕ್ಕಾದರೂ ಜಾಗ ಮಾಡಬಹುದಿತ್ತು.

ನಕ್ಷತ್ರಗಳ ಭಾಗದಲ್ಲಿ ಕಬ್ಬಿಣ ಹುಟ್ಟುವ ಬಗೆಯನ್ನು ಹೇಳಿ, ಉದಾಹರಣೆಗೆ ಯಾವುದೋ ವಿದೇಶಿ ಮರುಭೂಮಿಯ ಕೆಂಪು ಬಂಡೆಯನ್ನು ತೋರಿಸುತ್ತಾರೆ. ಸಂಡೂರಿನ ಅದಿರು ಹೊತ್ತ ಲಾರಿಗಳನ್ನು ದಿನವೂ ಕಾಣುವ ಊರಿನವರ ಮುಂದೆ ಇದೆಂಥ ಆಯ್ಕೆ! 460 ಕೋಟಿ ವರ್ಷಗಳ ಹಿಂದೆ ಸೂರ್ಯ ಹುಟ್ಟುವುದಕ್ಕೂ ಮೊದಲೇ ಸಿಡಿದುಹೋದ ನಕ್ಷತ್ರಗಳಲ್ಲಿ ತಯಾರಾದ ಕಬ್ಬಿಣ, ಭೂಮಿಯೊಳಗೆ ಸೇರಿ, 250 ಕೋಟಿ ವರ್ಷಗಳಿಗೂ ಹಿಂದಿನ ಕಡಲ ತಳದಲ್ಲಿ ಪದರ ಪದರವಾಗಿ ಕೂತದ್ದೇ ಸಂಡೂರಿನ ಅದಿರು. ಒಂದು ತುಂಡು ಅದಿರನ್ನು ಬಾಗಿಲಲ್ಲಿಟ್ಟು ಮಕ್ಕಳ ಕೈಗೆ ಕೊಟ್ಟಿದ್ದರೆ ಆ ಭಾಗಕ್ಕೆ ಬೇರೆಯೇ ತೂಕ ಬರುತ್ತಿತ್ತು.

ವ್ಯವಸ್ಥೆಯ ವಿಷಯದಲ್ಲಿ ಎರಡು ಮಾತು. ಗಾಳಿ ಊದುವ ಯಂತ್ರದ ಸದ್ದಿನಿಂದ ಬಾಗಿಲ ಬಳಿ ಕೂತವರಿಗೆ ನಿರೂಪಣೆ ಅರ್ಧವೂ ಕೇಳಿಸುವುದಿಲ್ಲವಾದ್ದರಿಂದ ಒಳಗೆ ಹೋದೊಡನೆ ನಡುಭಾಗದಲ್ಲಿ ಚಾಪೆ ಹಿಡಿಯುವುದು ಒಳ್ಳೆಯದು. ಮಧ್ಯಾಹ್ನದ ಪ್ರದರ್ಶನದಲ್ಲಿ ಗುಮ್ಮಟದೊಳಗಿನ ಸೆಕೆ ತಡೆಯಲಾಗದು. ಸಂಜೆಯದಕ್ಕೆ ಹೋದರೆ ಕೊನೆಯಲ್ಲಿ ಪ್ರಶ್ನೆ ಕೇಳಲೂ ಸಮಯ ಸಿಗುತ್ತದೆ, ಮತ್ತು ನಿರೂಪಕರು ಧ್ವನಿಮುದ್ರಿತ ಪಾಠಕ್ಕಿಂತ ಉತ್ತರಗಳಲ್ಲೇ ಹೆಚ್ಚು ಸೊಗಸಾಗಿ ಮಾತಾಡುತ್ತಾರೆ. ಹೈಸ್ಕೂಲು ಮಕ್ಕಳಿಗೆ 80 ರೂಪಾಯಿ ಹೆಚ್ಚಲ್ಲ. ತೀರಾ ಚಿಕ್ಕವರು ಹೀಲಿಯಂ ಬರುವ ಹೊತ್ತಿಗೆ ನಿದ್ದೆ ಹೋಗಿರುತ್ತಾರೆ.